ಅಂಗಡಿ, ಜಾಲತಾಣ, ಮಾರಾಟ ವೇದಿಕೆ: ಮೂರಕ್ಕೂ ಒಂದೇ ದಾಸ್ತಾನು ಲೆಕ್ಕ ಬೇಕು, ಇಆರ್‌ಪಿ ಕೊಳ್ಳಬೇಕೇ?

ಪ್ರಶ್ನೆ (ಕುಶಾಲನಗರದ ಅಂಗಡಿ)

ಎಲ್ಲರಿಗೂ ನಮಸ್ಕಾರ. ಕೊಡಗಿನ ಕುಶಾಲನಗರದಲ್ಲಿ ನಮ್ಮ ಕುಟುಂಬದ ಒಂದು ಅಂಗಡಿಯಿದೆ. ಸುಂಟಿಕೊಪ್ಪದ ಬಳಿಯ ನಮ್ಮ ತೋಟದ ಕಾಫಿಯನ್ನು ನಾವೇ ಹುರಿದು ಪುಡಿ ಮಾಡಿ ಮಾರುತ್ತೇವೆ. ಅದರ ಜೊತೆಗೆ ಕಾಳುಮೆಣಸು, ಏಲಕ್ಕಿ, ಜೇನು ಮತ್ತು ಕಾಚಂಪುಳಿಯನ್ನು (ನಮ್ಮ ಕಡೆಯ ಅಡುಗೆಯ ಹುಳಿ ರಸ) ಅಕ್ಕಪಕ್ಕದ ಬೆಳೆಗಾರರಿಂದ ಕೊಂಡು ಪೊಟ್ಟಣ ಕಟ್ಟುತ್ತೇವೆ. 2020ರ ಲಾಕ್‌ಡೌನ್‌ನಲ್ಲಿ ಪ್ರವಾಸಿಗರು ಸಂಪೂರ್ಣ ನಿಂತುಹೋದಾಗ, ಅಂಗಡಿಯ ಮುಂದೆ ನಿಲ್ಲುತ್ತಿದ್ದ ಗಿರಾಕಿಯನ್ನು ಬೇರೆ ದಾರಿಯಿಂದಲಾದರೂ ತಲುಪಬೇಕೆಂದು ವರ್ಡ್‌ಪ್ರೆಸ್ ಮತ್ತು ವೂಕಾಮರ್ಸ್ ಬಳಸಿ ಸ್ವಂತ ಜಾಲತಾಣವನ್ನು ಮಾಡಿಸಿದೆವು. ಎರಡು ವರ್ಷಗಳ ನಂತರ ಒಂದು ದೊಡ್ಡ ಆನ್‌ಲೈನ್ ಮಾರಾಟ ವೇದಿಕೆಯಲ್ಲಿಯೂ ಸರಕು ಇಡಲು ಆರಂಭಿಸಿದೆವು.

ಈಗ ನಮ್ಮಲ್ಲಿ ಲೆಕ್ಕ ನಾಲ್ಕು ಕಡೆ ಹರಿದು ಹಂಚಿಹೋಗಿದೆ. ಅಂಗಡಿಯ ಬಿಲ್ಲುಗಳು ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿವೆ, ಜಾಲತಾಣ ತನ್ನದೇ ದಾಸ್ತಾನಿನ ಸಂಖ್ಯೆಯನ್ನು ತೋರಿಸುತ್ತದೆ, ಮಾರಾಟ ವೇದಿಕೆಯದು ಇನ್ನೊಂದು ಸಂಖ್ಯೆ. ಇವೆಲ್ಲವನ್ನೂ ಸರಿಹೊಂದಿಸಲು ನನ್ನ ತಮ್ಮ ಮೊಬೈಲಿನಲ್ಲಿ ಒಂದು ಪಟ್ಟಿಯನ್ನು ಇಟ್ಟುಕೊಂಡು, ಪ್ರತಿ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಎರಡೂ ತಾಣಗಳಲ್ಲಿ ಕೈಯಿಂದ ತಿದ್ದುತ್ತಾನೆ.

ಕಳೆದ ಹುತ್ತರಿ ಹಬ್ಬದ ವಾರ ಈ ವ್ಯವಸ್ಥೆ ಕೈಕೊಟ್ಟಿತು. ನಮ್ಮಲ್ಲಿ ಹೆಚ್ಚು ಹೋಗುವುದು 250 ಗ್ರಾಂ ಪೊಟ್ಟಣ. ಅದರಲ್ಲಿ 70 ಭಾಗ ಕಾಫಿ, 30 ಭಾಗ ಚಿಕೋರಿ. ಹಬ್ಬಕ್ಕೆಂದು 40 ಕೆ.ಜಿ. ಬೀಜವನ್ನು ಹುರಿಸಿದ್ದೆವು. ಪಟ್ಟಿಯ ಪ್ರಕಾರ ಅದರಿಂದ 228 ಪೊಟ್ಟಣ ಬರಬೇಕು, ಆ ಸಂಖ್ಯೆಯನ್ನೇ ನಮೂದಿಸಿದ್ದೆವು. ಅಂಗಡಿಯಲ್ಲಿ 71, ಮಾರಾಟ ವೇದಿಕೆಯಲ್ಲಿ 64, ಜಾಲತಾಣದಲ್ಲಿ 83 ಪೊಟ್ಟಣಗಳಿಗೆ ಬೇಡಿಕೆ ಬಂದಿತು. ಪಟ್ಟಿ ಇನ್ನೂ 10 ಉಳಿದಿವೆ ಎಂದು ತೋರಿಸುತ್ತಿದ್ದಾಗಲೇ ಕಪಾಟು ಬರಿದಾಗಿತ್ತು, ಕಳುಹಿಸಬೇಕಾದ 26 ಪೊಟ್ಟಣಗಳು ಇರಲಿಲ್ಲ. ಹಣ ಕೊಟ್ಟವರಿಗೆ ಒಬ್ಬೊಬ್ಬರಿಗೂ ಕರೆ ಮಾಡಿ ಕ್ಷಮೆ ಕೇಳಿ ಹಣ ಹಿಂದಿರುಗಿಸಿದೆವು. ವೇದಿಕೆಯಲ್ಲಿ ಆರ್ಡರ್ ರದ್ದು ಮಾಡಿದ್ದಕ್ಕೆ ನಮ್ಮ ಮಾರಾಟಗಾರರ ಅಂಕವೂ ಇಳಿಯಿತು. ಪ್ರತಿ ವರ್ಷ ನಮ್ಮಲ್ಲೇ ಕೊಳ್ಳುವ ಮೈಸೂರಿನ ಹಿರಿಯರೊಬ್ಬರಿಗೆ ಹಬ್ಬದ ಹೊತ್ತಿಗೆ ಕಾಫಿ ಪುಡಿ ತಲುಪಿಸಲಾಗಲಿಲ್ಲ ಎಂಬುದು ನನಗೆ ಈಗಲೂ ನೋವಿನ ಸಂಗತಿ.

ರಾತ್ರಿ ಒಮ್ಮೆ ಮಾತ್ರ ತಿದ್ದುವುದರಿಂದ ಸಂಖ್ಯೆಗಳು ಹಿಂದೆ ಬೀಳುತ್ತಿವೆ, ಎಲ್ಲವೂ ತಕ್ಷಣವೇ ಹೊಂದಿಕೆಯಾಗುವ ಒಂದು ಇಆರ್‌ಪಿ (ಖರೀದಿ, ದಾಸ್ತಾನು, ಮಾರಾಟ, ಲೆಕ್ಕಪತ್ರ ಎಲ್ಲವನ್ನೂ ಒಂದೇ ಕಡೆ ನಡೆಸುವ ತಂತ್ರಾಂಶ) ಬೇಕು ಎಂಬುದು ನನ್ನ ತೀರ್ಮಾನ. ಬೆಂಗಳೂರಿನ ಒಂದು ಸಂಸ್ಥೆ ಬೆಲೆಪಟ್ಟಿಯನ್ನೂ ಕಳುಹಿಸಿದೆ. ಅದು ನಮ್ಮ ಒಂದು ವರ್ಷದ ಲಾಭದ ಗಣನೀಯ ಭಾಗವನ್ನು ತಿನ್ನುತ್ತದೆ. ಕೊಳ್ಳಬೇಕೇ, ಇರುವುದನ್ನೇ ಜೋಡಿಸಿಕೊಳ್ಳಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.


ಉತ್ತರ 1 (ವಿರಾಜಪೇಟೆಯ ಲೆಕ್ಕಿಗ)

ನಿಮ್ಮ ಬರಹದಲ್ಲಿ ಅಂಕಿಗಳನ್ನು ಸ್ಪಷ್ಟವಾಗಿ ಕೊಟ್ಟಿರುವುದರಿಂದ ಉತ್ತರ ಹೇಳುವುದು ಸುಲಭವಾಯಿತು. ತೀರ್ಮಾನವನ್ನು ಒಂದು ವಾರ ಮುಂದಕ್ಕೆ ಹಾಕಿ, ಬೆಲೆಪಟ್ಟಿಗೆ ಇನ್ನೂ ಸಹಿ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹೊಂದಿಕೆಯಾಗುವಲ್ಲಿ ತಡವಾದದ್ದೇ ದೋಷವಾಗಿದ್ದರೆ, ಮೂರೂ ಕಡೆ ಸೇರಿ ಮಾರಾಟವಾದದ್ದು 228ನ್ನು ದಾಟಬೇಕಿತ್ತು. 71, 64 ಮತ್ತು 83ನ್ನು ಕೂಡಿದರೆ 218. ಅಂದರೆ ಪಟ್ಟಿಯಲ್ಲಿ ಇದ್ದದ್ದಕ್ಕಿಂತ ಹೆಚ್ಚನ್ನು ನಿಮ್ಮ ತಾಣಗಳು ಮಾರಿಯೇ ಇಲ್ಲ. ನಿಮ್ಮ ತಮ್ಮ ರಾತ್ರಿಯ ಬದಲು ಪ್ರತಿ ನಿಮಿಷ ತಿದ್ದಿದ್ದರೂ ಆ 26 ಪೊಟ್ಟಣಗಳು ಇರುತ್ತಿರಲಿಲ್ಲ, ಏಕೆಂದರೆ ಅವು ಯಾವತ್ತೂ ತಯಾರಾಗಿರಲಿಲ್ಲ.

ಹಿಂದಿನಿಂದ ಲೆಕ್ಕ ಹಾಕಿ ನೋಡಿ. 218ರಲ್ಲಿ 26 ಕಳೆದರೆ ನಿಜವಾಗಿ ಕಪಾಟಿಗೆ ಬಂದದ್ದು 192. ಪ್ರತಿ ಪೊಟ್ಟಣದಲ್ಲಿ 175 ಗ್ರಾಂ ಕಾಫಿಯಿರುವುದರಿಂದ 192 ಪೊಟ್ಟಣಗಳಿಗೆ ಹಿಡಿದ ಕಾಫಿ ಪುಡಿ 33.6 ಕೆ.ಜಿ. ನೀವು ಹುರಿಯಲು ಹಾಕಿದ್ದು 40 ಕೆ.ಜಿ. ಹುರಿಯುವಾಗ ಬೀಜದೊಳಗಿನ ನೀರು ಆವಿಯಾಗಿ, ಹೊಟ್ಟು ಹಾರಿ, ತೂಕ ನೂರಕ್ಕೆ 15ರಿಂದ 20ರಷ್ಟು ಇಳಿಯುವುದು ಸಹಜ. ನಿಮ್ಮದು 16ರಷ್ಟು ಇಳಿದಿದೆ. ಪಟ್ಟಿಯಲ್ಲಿರುವ 228 ಎಲ್ಲಿಂದ ಬಂತು ಎಂಬುದೂ ಇದರಿಂದಲೇ ತಿಳಿಯುತ್ತದೆ: 40 ಕೆ.ಜಿ.ಯನ್ನು 175 ಗ್ರಾಂನಿಂದ ನೇರವಾಗಿ ಭಾಗಿಸಿದರೆ 228 ಸಿಗುತ್ತದೆ. ಹಸಿ ಬೀಜದ ತೂಕವನ್ನೇ ಪುಡಿಯ ತೂಕವೆಂದು ಪಟ್ಟಿ ತಿಳಿದುಕೊಂಡಿದೆ. ಇದೇ ತಪ್ಪನ್ನು ಹೊತ್ತುಕೊಂಡು ಲಕ್ಷಾಂತರ ರೂಪಾಯಿಯ ತಂತ್ರಾಂಶಕ್ಕೆ ಹೋದರೆ, ಅದು ಆ ತಪ್ಪು ಸಂಖ್ಯೆಯನ್ನು ಮೂರೂ ತಾಣಗಳಿಗೆ ಬಹಳ ವೇಗವಾಗಿ ಮತ್ತು ಅಚ್ಚುಕಟ್ಟಾಗಿ ಹಂಚುತ್ತದೆ.

ಆದ್ದರಿಂದ ಮೊದಲು ಸರಿಯಾಗಬೇಕಾದದ್ದು ದಾಸ್ತಾನಿನ ವಸ್ತುಪಟ್ಟಿ. ಈಗ ನಿಮ್ಮಲ್ಲಿ "ಕಾಫಿ" ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ವಸ್ತುಗಳಿವೆ: ಹಸಿ ಬೀಜ, ಹುರಿದ ಬೀಜ, ಪೊಟ್ಟಣ. ಮೂರಕ್ಕೂ ಪ್ರತ್ಯೇಕ ಹೆಸರು ಮತ್ತು ಪ್ರತ್ಯೇಕ ಅಳತೆ ಇರಲಿ. ಹಸಿ ಬೀಜದಿಂದ ಹುರಿದ ಬೀಜಕ್ಕೆ ಹೋಗುವ ಹಂತದಲ್ಲಿ ಸೂತ್ರವನ್ನು ನಂಬಬೇಡಿ. ಯಂತ್ರದಿಂದ ಹೊರಬಂದದ್ದನ್ನು ತೂಗಿ ಆ ತೂಕವನ್ನೇ ಬರೆಯಿರಿ, ಏಕೆಂದರೆ ಬೀಜದ ತೇವಾಂಶ ಮತ್ತು ಹುರಿಯುವ ಹದ ಎರಡೂ ಪ್ರತಿ ಸಲ ಬದಲಾಗುತ್ತವೆ. ಹುರಿದ ಬೀಜದಿಂದ ಪೊಟ್ಟಣಕ್ಕೆ ಹೋಗುವಾಗ ಮಾತ್ರ ಸೂತ್ರ ಸಾಕು: 175 ಗ್ರಾಂ ಕಾಫಿ, 75 ಗ್ರಾಂ ಚಿಕೋರಿ, ಒಂದು ಖಾಲಿ ಚೀಲ, ಒಂದು ಲೇಬಲ್. ಒಂದು ವಸ್ತುವನ್ನು ತಯಾರಿಸಲು ಏನೇನು ಎಷ್ಟೆಷ್ಟು ಬೇಕು ಎಂಬ ಈ ಪಟ್ಟಿಗೆ ಕಾರ್ಖಾನೆಗಳಲ್ಲಿ ಬಿಲ್ ಆಫ್ ಮೆಟೀರಿಯಲ್ಸ್ ಎನ್ನುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳು ಈ ಪಟ್ಟಿಯನ್ನು ಗಣಕಕ್ಕೆ ಹಾಕಿ, ಯಾವ ಸಾಮಗ್ರಿ ಯಾವಾಗ ಎಷ್ಟು ಬೇಕೆಂದು ಲೆಕ್ಕ ಹಾಕಲು ತೊಡಗಿದವು. ಅದಕ್ಕೆ ಲೆಕ್ಕಪತ್ರ, ಖರೀದಿ, ಮಾರಾಟ, ಸಂಬಳ ಒಂದೊಂದಾಗಿ ಸೇರಿ ಬೆಳೆದದ್ದೇ 1990ರ ಹೊತ್ತಿಗೆ ಇಆರ್‌ಪಿ ಎಂಬ ಹೆಸರನ್ನು ಪಡೆಯಿತು. ಇಂದು ನಿಮಗೆ ಮಾರಲು ಬಂದಿರುವ ದೊಡ್ಡ ವ್ಯವಸ್ಥೆಯ ಬೇರು ಈ ಚಿಕ್ಕ ಪಟ್ಟಿಯಲ್ಲಿದೆ, ಆ ಬೇರು ನಿಮ್ಮಲ್ಲಿ ಇನ್ನೂ ಊರಿಲ್ಲ.

ನೀವು ಈಗಾಗಲೇ ಬಳಸುತ್ತಿರುವ ಟ್ಯಾಲಿಯಲ್ಲಿಯೇ ಇದನ್ನು ಮಾಡಬಹುದು. ದಾಸ್ತಾನು ವಸ್ತುವಿಗೆ ಬಿಲ್ ಆಫ್ ಮೆಟೀರಿಯಲ್ಸ್ ಕೊಡಲು, ತಯಾರಿಕೆಯನ್ನು ಮ್ಯಾನುಫ್ಯಾಕ್ಚರಿಂಗ್ ಜರ್ನಲ್ ಮೂಲಕ ದಾಖಲಿಸಲು, ಬ್ಯಾಚ್ ಸಂಖ್ಯೆಯನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಇಡಲು, ಒಂದಕ್ಕಿಂತ ಹೆಚ್ಚು ಗೋದಾಮುಗಳನ್ನು ತೋರಿಸಲು ಅದರಲ್ಲಿ ಅವಕಾಶವಿದೆ. ನಮ್ಮ ಜಿಲ್ಲೆಯ ಅನೇಕ ಅಂಗಡಿಗಳು ಅದನ್ನು ಬಿಲ್ಲು ಮುದ್ರಿಸಲು ಮತ್ತು ವರ್ಷದ ಕೊನೆಯಲ್ಲಿ ಲೆಕ್ಕ ಪರಿಶೋಧಕರಿಗೆ ಕೊಡಲು ಮಾತ್ರ ಬಳಸುತ್ತವೆ; ದಾಸ್ತಾನಿನ ಭಾಗವನ್ನು ತೆರೆದೇ ನೋಡಿರುವುದಿಲ್ಲ.


ಉತ್ತರ 2 (ಗೋಣಿಕೊಪ್ಪದ ಪ್ಯಾಕಿಂಗ್ ಘಟಕ)

ವಿರಾಜಪೇಟೆಯವರ ಮಾತನ್ನು ನಾನು ಅನುಭವದಿಂದ ಅನುಮೋದಿಸುತ್ತೇನೆ. ನಮ್ಮ ಮಹಿಳಾ ಗುಂಪು ಕಾಳುಮೆಣಸು, ಜೇನು ಮತ್ತು ಕಾಫಿ ಪುಡಿಯ ಘಟಕವೊಂದನ್ನು ನಡೆಸುತ್ತಿದೆ. ನಾಲ್ಕು ವರ್ಷಗಳ ಹಿಂದೆ ನಾವು ಮೊದಲೇ ಇಆರ್‌ಪಿ ಕೊಂಡೆವು. ಎಂಟು ತಿಂಗಳು ಹೆಣಗಿದ ನಂತರ ಅದನ್ನು ಬಿಟ್ಟು ನೋಟ್‌ಬುಕ್ಕಿಗೆ ಮರಳಿದೆವು, ಆಮೇಲೆ ಇನ್ನೊಂದು ಚಿಕ್ಕ ತಂತ್ರಾಂಶದಿಂದ ಮತ್ತೆ ಆರಂಭಿಸಿದೆವು. ಕೊಟ್ಟ ಸಂಸ್ಥೆಯ ತಪ್ಪು ಅದರಲ್ಲಿ ಸ್ವಲ್ಪವೇ ಇತ್ತು; ಹೆಚ್ಚಿನದು ನಮ್ಮದೇ ಎಂದು ಈಗ ತಿಳಿಯುತ್ತದೆ.

ನಮ್ಮ ಘಟಕದಲ್ಲಿ ಒಂದೇ ವಸ್ತುವನ್ನು ಒಬ್ಬರು ಕಾಳುಮೆಣಸು, ಇನ್ನೊಬ್ಬರು ಕರಿಮೆಣಸು, ಮತ್ತೊಬ್ಬರು ಬರಿದೇ ಮೆಣಸು ಎಂದು ಬರೆಯುತ್ತಿದ್ದರು. ಗಣಕ ಮೂರನ್ನೂ ಮೂರು ವಸ್ತುಗಳೆಂದು ಇಟ್ಟುಕೊಂಡಿತು. ಒಂದರಲ್ಲಿ ದಾಸ್ತಾನು ಬೆಟ್ಟದಷ್ಟು ಬೆಳೆಯಿತು, ಇನ್ನೊಂದರಲ್ಲಿ ಶೂನ್ಯಕ್ಕಿಂತ ಕೆಳಗಿಳಿಯಿತು. ಅಳತೆಯಲ್ಲಿಯೂ ಇದೇ ಗೊಂದಲ. ಬೆಳೆಗಾರರು 50 ಕೆ.ಜಿ.ಯ ಚೀಲದ ಲೆಕ್ಕದಲ್ಲಿ ಕಾಫಿ ತರುತ್ತಾರೆ, ಹುರಿಯುವವರು ಕಿಲೋದಲ್ಲಿ ಮಾತನಾಡುತ್ತಾರೆ, ಅಂಗಡಿಯವರು ಡಜನ್ನಿನಲ್ಲಿ ಕೇಳುತ್ತಾರೆ. ಕೊನೆಗೆ ಒಂದು ಭಾನುವಾರ ಎಲ್ಲರೂ ಕೂಡಿ ಕುಳಿತು, ಪ್ರತಿ ವಸ್ತುವಿಗೂ ಒಂದೇ ಹೆಸರು, ಒಂದು ಚಿಕ್ಕ ಸಂಕೇತ, ಒಂದೇ ಮೂಲ ಅಳತೆ ಎಂದು ತೀರ್ಮಾನಿಸಿ, ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ ತಕ್ಕಡಿಯ ಮೇಲಿನ ಗೋಡೆಗೆ ಅಂಟಿಸಿದೆವು. ಕೆಲಸ ಮಾಡುವ ಅಕ್ಕಂದಿರು ತಮ್ಮ ಬಾಯಲ್ಲಿರುವ ಹೆಸರನ್ನೇ ಪರದೆಯ ಮೇಲೆ ಕಂಡ ದಿನದಿಂದ ತಪ್ಪು ನಮೂದುಗಳು ಬಹುಮಟ್ಟಿಗೆ ನಿಂತವು. ಇಂಗ್ಲಿಷಿನಲ್ಲಿದ್ದ ಪಟ್ಟಿಯಿಂದ ಅವರು ಊಹೆಯ ಮೇಲೆ ಆರಿಸುತ್ತಿದ್ದರೆಂಬುದು ನಮಗೆ ಆಗಷ್ಟೇ ಗೊತ್ತಾಯಿತು.

ನಮ್ಮ ಊರಿನ ಮಳೆಗಾಲದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಬೆಂಗಳೂರಿನ ಸಲಹೆಗಾರರಿಗೆ ಇದು ಹೊಳೆಯುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಯಲ್ಲಿರುವ ತೇವವನ್ನು ಕಾಳುಮೆಣಸು ಮತ್ತು ಕಾಫಿ ಎರಡೂ ಹೀರಿಕೊಳ್ಳುತ್ತವೆ. ಗೋಣಿಚೀಲದಲ್ಲಿ ಇಟ್ಟ ಮೆಣಸನ್ನು ಮತ್ತೆ ತೂಗಿದರೆ ಪಟ್ಟಿಗಿಂತ ಹೆಚ್ಚು ಬರುತ್ತದೆ. ಅದನ್ನು ಲಾಭವೆಂದು ಪೊಟ್ಟಣ ಕಟ್ಟಿದರೆ, ಒಣ ಊರಿಗೆ ತಲುಪುವಷ್ಟರಲ್ಲಿ ತೂಕ ಇಳಿದಿರುತ್ತದೆ, ಇಲ್ಲವೇ ಬೂಷ್ಟು ಹಿಡಿದಿರುತ್ತದೆ. ನಾವು ಬ್ಯಾಚ್ ನಮೂದಿನಲ್ಲಿ ತೇವಾಂಶಕ್ಕೆಂದೇ ಒಂದು ಅಂಕಣವನ್ನು ಇಟ್ಟಿದ್ದೇವೆ. ಮತ್ತೆ ಒಣಗಿಸದೆ ಯಾವ ಚೀಲವೂ ಪ್ಯಾಕಿಂಗಿಗೆ ಹೋಗುವಂತಿಲ್ಲ.

ಬ್ಯಾಚ್ ಸಂಖ್ಯೆಯನ್ನು ಹಗುರವಾಗಿ ಕಾಣಬೇಡಿ. ಆನ್‌ಲೈನ್‌ನಲ್ಲಿ ಮಾರುವ ಆಹಾರ ಪದಾರ್ಥ ಗಿರಾಕಿಯ ಕೈ ಸೇರುವಾಗ ಅದರ ಬಾಳಿಕೆಯ ಅವಧಿಯಲ್ಲಿ ನೂರಕ್ಕೆ 30ರಷ್ಟಾದರೂ, ಇಲ್ಲವೇ 45 ದಿನಗಳಾದರೂ ಉಳಿದಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಆನ್‌ಲೈನ್ ವೇದಿಕೆಗಳಿಗೆ ಸೂಚಿಸಿತು. ಮೊದಲು ಬಂದದ್ದು ಮೊದಲು ಹೋಗಲಿ ಎಂಬ ಹಳೆಯ ಅಂಗಡಿ ನಿಯಮ ಇಲ್ಲಿ ಸಾಲದು. ಮೊದಲು ಅವಧಿ ಮುಗಿಯುವುದು ಮೊದಲು ಹೋಗಬೇಕು, ಯಾವುದು ಎಂದು ತಂತ್ರಾಂಶವೇ ಪ್ಯಾಕಿಂಗ್ ಮಾಡುವವರಿಗೆ ತೋರಿಸಬೇಕು. ಇನ್ನೊಂದು ವಿಷಯ: ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದು ಮತ್ತು ಪ್ರಮಾಣವನ್ನು ಲೇಬಲ್ಲಿನಲ್ಲಿ ಹೇಳಬೇಕು. ನಿಮ್ಮ 70:30 ನಿಯಮದೊಳಗೇ ಇದೆ. ಜಾಲತಾಣದ ಪುಟದಲ್ಲಿಯೂ ಅದೇ ಪ್ರಮಾಣ ಬರೆದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.


ಉತ್ತರ 3 (ಸೋಮವಾರಪೇಟೆ)

ಚಿಕ್ಕದೊಂದು ಸೇರ್ಪಡೆ. ವಸ್ತುಪಟ್ಟಿ ಮಾಡುವಾಗ ಪೊಟ್ಟಣದ ತೂಕದ ಜೊತೆಗೆ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನೂ ದಾಖಲಿಸಿ. ಕೊರಿಯರ್‌ನವರು ಸಾಮಾನ್ಯವಾಗಿ ಈ ಮೂರನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬರುವ ತೂಕ ಹಾಗೂ ನಿಜವಾದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ ಹಾಕುತ್ತಾರೆ. ನಾನು 30, 20, 20 ಸೆಂಟಿಮೀಟರ್ ಪೆಟ್ಟಿಗೆಯಲ್ಲಿ ಒಂದು ಕಿಲೋ ಸರಕು ಕಳುಹಿಸುತ್ತಿದ್ದೆ, 2.4 ಕೆ.ಜಿ.ಗೆ ಹಣ ಕಟ್ಟುತ್ತಿದ್ದೆ. ರೈಲು ಮಾರ್ಗವಿಲ್ಲದ ನಮ್ಮ ಜಿಲ್ಲೆಯಿಂದ ಪ್ರತಿ ಪೆಟ್ಟಿಗೆಯೂ ರಸ್ತೆಯಲ್ಲಿಯೇ ಹೋಗಬೇಕಾದ್ದರಿಂದ ಸಾಗಣೆ ವೆಚ್ಚ ನಮಗೆ ಮೊದಲೇ ಭಾರ. ಪೆಟ್ಟಿಗೆ ಬದಲಿಸಿದ ಮೇಲೆ ಅದು ಬಹಳ ಕಡಿಮೆಯಾಯಿತು.


ಉತ್ತರ 4 (ಮಡಿಕೇರಿ, ತೆರಿಗೆ ಸಲಹೆ)

ದಾಸ್ತಾನಿನ ವಿಷಯವನ್ನು ಇತರರು ಚೆನ್ನಾಗಿ ವಿವರಿಸಿದ್ದಾರೆ. ಹಣದ ಲೆಕ್ಕದಲ್ಲಿ ಆನ್‌ಲೈನ್ ವ್ಯಾಪಾರಿಗಳು ಪದೇ ಪದೇ ಮಾಡುವ ಒಂದು ತಪ್ಪನ್ನು ನಾನು ತಿಳಿಸಬಯಸುತ್ತೇನೆ. ಮಾರಾಟ ವೇದಿಕೆಯಿಂದ ಬ್ಯಾಂಕಿಗೆ ಬಂದ ಮೊತ್ತವನ್ನೇ ಮಾರಾಟವೆಂದು ಬರೆದುಕೊಳ್ಳಬಾರದು.

ಉದಾಹರಣೆಗೆ ಕಾಳುಮೆಣಸಿನ ಒಂದು ಪೊಟ್ಟಣವನ್ನು ನೂರಕ್ಕೆ 5ರ ಜಿಎಸ್‌ಟಿ ಸೇರಿ 210 ರೂಪಾಯಿಗೆ ಮಾರಿದಿರಿ ಎನ್ನೋಣ. ಸರಕಿನ ಮೌಲ್ಯ 200, ತೆರಿಗೆ 10. ವೇದಿಕೆಯ ಕಮಿಷನ್ 30 ರೂಪಾಯಿ, ಸಾಗಣೆ 50 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ, ಆ ಸೇವೆಗಳ ಮೇಲೆ ನೂರಕ್ಕೆ 18ರ ಜಿಎಸ್‌ಟಿ ಸೇರಿ 94 ರೂಪಾಯಿ 40 ಪೈಸೆ ಹೋಗುತ್ತದೆ. ಅದರ ಮೇಲೆ ವೇದಿಕೆ ಜಿಎಸ್‌ಟಿ ಕಾನೂನಿನಡಿ ಮೂಲದಲ್ಲಿಯೇ ಸಂಗ್ರಹಿಸುವ ತೆರಿಗೆಯಿದೆ. 2018ರ ಅಕ್ಟೋಬರ್ 1ರಿಂದ ನೂರಕ್ಕೆ 1 ಇದ್ದದ್ದು 2024ರ ಜುಲೈ 10ರಿಂದ 0.5 ಆಗಿದೆ, ಇಲ್ಲಿ ಅದು 1 ರೂಪಾಯಿ. ಆದಾಯ ತೆರಿಗೆಯ ಕಡಿತ 2024ರ ಅಕ್ಟೋಬರ್ 1ರಿಂದ ನೂರಕ್ಕೆ 0.1ಕ್ಕೆ ಇಳಿದಿರುವುದರಿಂದ ಅದು 20 ಪೈಸೆ. ಎಲ್ಲ ಕಳೆದು ನಿಮ್ಮ ಖಾತೆಗೆ ಬರುವುದು 114 ರೂಪಾಯಿ 40 ಪೈಸೆ. ಇದನ್ನೇ ಮಾರಾಟವೆಂದು ನಮೂದಿಸಿದರೆ ನಿಮ್ಮ ವಿವರಪಟ್ಟಿ ಒಂದು ಹೇಳುತ್ತದೆ, ವೇದಿಕೆ ಸರ್ಕಾರಕ್ಕೆ ಸಲ್ಲಿಸುವ ವಿವರಪಟ್ಟಿಯಾದ ಜಿಎಸ್‌ಟಿಆರ್-8 ಇನ್ನೊಂದು ಹೇಳುತ್ತದೆ, ಮುಂದೆ ನೋಟಿಸು ಬರುತ್ತದೆ. ಕಮಿಷನ್ ಮತ್ತು ಸಾಗಣೆಯ ಮೇಲೆ ಕಟ್ಟಿದ 14 ರೂಪಾಯಿ 40 ಪೈಸೆಯ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು) ಹಿಂಪಡೆಯುವ ಅವಕಾಶವೂ, ಮೂಲದಲ್ಲಿ ಸಂಗ್ರಹಿಸಿದ 1 ರೂಪಾಯಿಯೂ ಲೆಕ್ಕದಿಂದ ಜಾರಿಹೋಗುತ್ತವೆ.

ಆದ್ದರಿಂದ ನೀವು ಯಾವ ತಂತ್ರಾಂಶವನ್ನೇ ಆರಿಸಿದರೂ, ವೇದಿಕೆ ಕೊಡುವ ಸೆಟಲ್‌ಮೆಂಟ್ ವರದಿಯನ್ನು (ಪ್ರತಿ ಆರ್ಡರ್‌ಗೆ ಏನು ಕಡಿದು ಎಷ್ಟು ಕೊಟ್ಟರು ಎಂಬ ಪಟ್ಟಿ) ಆರ್ಡರ್ ಸಂಖ್ಯೆಯ ಮೂಲಕ ಒಂದೊಂದಾಗಿ ಹೋಲಿಸುವ ಸೌಲಭ್ಯ ಅದರಲ್ಲಿದೆಯೇ ಎಂದು ಕೇಳಿ. ಪೂರ್ತಿ ಬೆಲೆ ಮಾರಾಟದ ಖಾತೆಗೆ, ಪ್ರತಿ ಕಡಿತವೂ ಅದರದೇ ಖಾತೆಗೆ ಹೋಗಬೇಕು. ಯಾವ ದಾರಿಯಲ್ಲಿ ಮಾರಿದರೆ ಸರಕಿನ ಖರ್ಚು ಕಳೆದು ನಿಜವಾಗಿ ಏನು ಉಳಿಯುತ್ತದೆ ಎಂಬುದು ಆಗ ಕಾಣುತ್ತದೆ. ನನ್ನ ಬಳಿ ಬರುವವರಲ್ಲಿ ಕೆಲವರು ಈ ಲೆಕ್ಕ ನೋಡಿದ ಮೇಲೆ ಚಿಕ್ಕ ಪೊಟ್ಟಣಗಳನ್ನು ವೇದಿಕೆಯಿಂದ ತೆಗೆದು, ದೊಡ್ಡ ಪೊಟ್ಟಣಗಳನ್ನು ಮಾತ್ರ ಅಲ್ಲಿ ಇಟ್ಟಿದ್ದಾರೆ.

ಓದುವ ಇತರರಿಗೂ ಒಂದು ಎಚ್ಚರಿಕೆ. 2023ರ ಅಕ್ಟೋಬರ್ 1ರಿಂದ, ರಾಜ್ಯದೊಳಗೆ ಮಾತ್ರ ವೇದಿಕೆಗಳ ಮೂಲಕ ಸರಕು ಮಾರುವ ಚಿಕ್ಕ ವ್ಯಾಪಾರಿಗಳಿಗೆ ಕೆಲವು ಷರತ್ತುಗಳೊಂದಿಗೆ ಜಿಎಸ್‌ಟಿ ನೋಂದಣಿಯಿಂದ ವಿನಾಯಿತಿ ದೊರೆತಿದೆ. ಆದರೆ ಬೆಂಗಳೂರಿಗೆ ಕಳುಹಿಸುವುದು ಬೇರೆ, ಚೆನ್ನೈಗೆ ಕಳುಹಿಸುವುದು ಬೇರೆ. ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರುವುದಾದರೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಬೇಕು. ಸ್ವಂತ ಜಾಲತಾಣಕ್ಕೂ ಇದು ಅನ್ವಯಿಸುತ್ತದೆ.


ಉತ್ತರ 5 (ನಾಪೋಕ್ಲು, ತಂತ್ರಾಂಶ ಕ್ಷೇತ್ರ)

ಮೂಲ ದೋಷ ಹುರಿಯುವ ಹಂತದಲ್ಲಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ವಿರಾಜಪೇಟೆಯವರ ಉತ್ತರವನ್ನು ಓದಿ, ತಕ್ಷಣದ ಹೊಂದಿಕೆ ಬೇಕಾಗಿಯೇ ಇಲ್ಲ ಎಂದು ಯಾರೂ ತಿಳಿಯಬಾರದು. ಈ ಬಾರಿ 10 ಪೊಟ್ಟಣ ಉಳಿದಂತೆ ತೋರಿದ್ದರಿಂದ, ರಾತ್ರಿಯವರೆಗೆ ತಡವಾಗಿ ತಿದ್ದುವ ದೋಷ ಮರೆಯಾಗಿತ್ತು. ದಾಸ್ತಾನಿನ ಸಂಖ್ಯೆ ಸರಿಯಾದ ಮೇಲೆ ಮುಂದಿನ ಹಬ್ಬಕ್ಕೆ ಅದು ಎದುರಿಗೆ ಬಂದು ನಿಲ್ಲುತ್ತದೆ. ಕೊನೆಯ ಒಂದು ಪೊಟ್ಟಣವನ್ನು ಮಧ್ಯಾಹ್ನ ಜಾಲತಾಣದಲ್ಲಿ ಒಬ್ಬರು, ವೇದಿಕೆಯಲ್ಲಿ ಇನ್ನೊಬ್ಬರು ಕೊಂಡರೆ ರಾತ್ರಿಯ ತಿದ್ದುಪಡಿಗಾಗಿ ಕಾಯಲಾಗದು.

ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ದಾಸ್ತಾನಿನ ಲೆಕ್ಕ ಒಂದು ಕಡೆ ಮಾತ್ರ ಹುಟ್ಟಬೇಕು, ಉಳಿದವೆಲ್ಲ ಅದನ್ನು ಕೇಳಿ ತಿಳಿಯಬೇಕು. ಈಗ ನಿಮ್ಮಲ್ಲಿ ನಾಲ್ಕು ಲೆಕ್ಕಗಳೂ ತಾವೇ ನಿಜವೆಂದು ಹೇಳುತ್ತಿವೆ. ಟ್ಯಾಲಿಯನ್ನು ಮೂಲವಾಗಿ ಇಟ್ಟರೂ ಸರಿ, ಬೇರೊಂದನ್ನು ಇಟ್ಟರೂ ಸರಿ, ಜಾಲತಾಣ ಮತ್ತು ವೇದಿಕೆಯ ಸಂಖ್ಯೆಗಳನ್ನು ಕೈಯಿಂದ ತಿದ್ದುವುದು ನಿಲ್ಲಬೇಕು. ಆ ಮೂಲ ಲೆಕ್ಕ ಹೊರಗೆ ತೋರಿಸಬೇಕಾದದ್ದು ಕಪಾಟಿನಲ್ಲಿ ಇರುವುದನ್ನಲ್ಲ, ಮಾರಲು ಸಿಗುವುದನ್ನು. ಕಪಾಟಿನಲ್ಲಿ 192 ಪೊಟ್ಟಣಗಳಿವೆ, ಹಣ ಬಂದರೂ ಇನ್ನೂ ಕಳುಹಿಸದ 21 ಪೊಟ್ಟಣಗಳಿವೆ, ಒಡೆದದ್ದು ಅಥವಾ ಎಣಿಕೆಯಲ್ಲಿ ತಪ್ಪಿದ್ದಕ್ಕೆಂದು 10ನ್ನು ಬದಿಗಿಟ್ಟಿದ್ದೀರಿ ಎಂದರೆ ಹೊರಗೆ ಕಾಣಬೇಕಾದ ಸಂಖ್ಯೆ 161.

ವೂಕಾಮರ್ಸ್‌ನಲ್ಲಿ, ಹಣ ಪಾವತಿಯಾಗದ ಆರ್ಡರ್‌ಗಾಗಿ ಸರಕನ್ನು ಎಷ್ಟು ನಿಮಿಷ ಹಿಡಿದಿಡಬೇಕು ಎಂಬ ಒಂದು ಆಯ್ಕೆಯಿದೆ. ಮೊದಲಿನಿಂದಲೇ ಅದು 60 ನಿಮಿಷಕ್ಕೆ ಇರುತ್ತದೆ. ಯುಪಿಐ ಪಾವತಿ ಅರ್ಧಕ್ಕೆ ನಿಂತ ಗಿರಾಕಿ ಒಂದು ಗಂಟೆ ಕಾಲ ನಿಮ್ಮ ಪೊಟ್ಟಣವನ್ನು ಹಿಡಿದಿಟ್ಟಂತಾಗುತ್ತದೆ. ಹಬ್ಬದ ವಾರದಲ್ಲಿ ಅದನ್ನು 15 ನಿಮಿಷಕ್ಕೆ ಇಳಿಸಿ ನೋಡಿ. ಜಾಲತಾಣದಿಂದ ಮೂಲ ಲೆಕ್ಕಕ್ಕೆ ಹೋಗುವ ಸಂದೇಶಗಳು ಸಂಪರ್ಕ ಕಡಿದಾಗ ಎರಡು ಸಲ ಬರುವುದುಂಟು. ಜೋಡಣೆ ಮಾಡಿಕೊಡುವವರಿಗೆ, ಒಂದೇ ಆರ್ಡರ್ ಸಂಖ್ಯೆ ಎರಡನೆಯ ಸಲ ಬಂದರೆ ದಾಸ್ತಾನನ್ನು ಮತ್ತೆ ಕಳೆಯಬಾರದು ಎಂದು ಸ್ಪಷ್ಟವಾಗಿ ಹೇಳಿ, ಅದನ್ನು ನಿಮ್ಮೆದುರೇ ಪರೀಕ್ಷಿಸಿ ತೋರಿಸಲು ಕೇಳಿ. ಹಿಂದಿರುಗಿ ಬಂದ ಪೆಟ್ಟಿಗೆಗಳನ್ನು ನೇರವಾಗಿ ಮಾರಾಟದ ದಾಸ್ತಾನಿಗೆ ಸೇರಿಸಬೇಡಿ. ಪರಿಶೀಲನೆಗೆಂದು ಲೆಕ್ಕದಲ್ಲಿ ಬೇರೆ ಗೋದಾಮನ್ನು ತೆರೆದು ಮೊದಲು ಅಲ್ಲಿ ಇಡಿ.

ಮಳೆಗಾಲದ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮ ಕಡೆ ಮರ ಬಿದ್ದು ಎರಡು ಮೂರು ದಿನ ವಿದ್ಯುತ್ ಮತ್ತು ಅಂತರ್ಜಾಲ ಇಲ್ಲದಿರುವುದು ಪ್ರತಿ ವರ್ಷದ ಅನುಭವ. ಎಲ್ಲವೂ ದೂರದ ಸರ್ವರಿನಲ್ಲಿರುವ ವ್ಯವಸ್ಥೆಯನ್ನು ತಂದರೆ, ಆ ದಿನಗಳಲ್ಲಿ ಅಂಗಡಿಯಲ್ಲಿ ಬಿಲ್ಲನ್ನೂ ಹಾಕಲಾಗುವುದಿಲ್ಲ, ಹೊರಗೆ ಜಾಲತಾಣ ಮಾತ್ರ ಮಾರುತ್ತಲೇ ಇರುತ್ತದೆ. ಇದಕ್ಕೆ ನಾನು ಕಂಡ ಸರಳ ಉಪಾಯವೆಂದರೆ ಸರಕನ್ನು ಹಂಚಿಡುವುದು. ಅಂಗಡಿಗೆಂದು 60 ಪೊಟ್ಟಣಗಳನ್ನು ಲೆಕ್ಕದಲ್ಲಿ ಪ್ರತ್ಯೇಕ ಗೋದಾಮಿಗೆ ವರ್ಗಾಯಿಸಿ, ಆನ್‌ಲೈನ್‌ಗೆ ಉಳಿದದ್ದನ್ನು ಮಾತ್ರ ತೋರಿಸಿ. ಆಗ ಅಂಗಡಿಯ ಗಣಕ ಸಂಪರ್ಕವಿಲ್ಲದೆಯೂ ತನ್ನ 60ರೊಳಗೆ ವ್ಯಾಪಾರ ಮಾಡಬಹುದು. ಸಂಪರ್ಕ ಬಂದ ಮೇಲೆ ಉಳಿದದ್ದನ್ನು ಹಿಂದಕ್ಕೆ ವರ್ಗಾಯಿಸಿದರಾಯಿತು.

ಇನ್ನು ಕೊಳ್ಳುವ ಪ್ರಶ್ನೆ. ಮುಂದೆ ಟ್ಯಾಲಿ ಸಾಲದಾದರೆ, ಮುಕ್ತ ತಂತ್ರಾಂಶಗಳನ್ನು (ಮೂಲ ಸಂಕೇತವನ್ನು ಯಾರು ಬೇಕಾದರೂ ಬಳಸಿ ತಿದ್ದಬಹುದಾದವು) ನೋಡದೆ ಬೆಂಗಳೂರಿನ ಬೆಲೆಪಟ್ಟಿಗೆ ಒಪ್ಪಬೇಡಿ. ಮುಂಬೈಯ ಫ್ರಾಪೆ ಸಂಸ್ಥೆ ಬೆಳೆಸಿರುವ ಇಆರ್‌ಪಿನೆಕ್ಸ್ಟ್‌ನ ಮೂಲ ಸಂಕೇತ ಮುಕ್ತವಾಗಿದೆ. ತಯಾರಿಕೆ, ಬ್ಯಾಚ್ ಮತ್ತು ದಾಸ್ತಾನು ವಿಭಾಗಗಳು ಅದರಲ್ಲಿಯೇ ಇವೆ, ಭಾರತದ ಜಿಎಸ್‌ಟಿಗಾಗಿ ಜೋಡಿಸಿಕೊಳ್ಳುವ ಭಾಗವೂ ದೊರೆಯುತ್ತದೆ. ಬೆಲ್ಜಿಯಂ ಮೂಲದ ಓಡೂದ ಸಮುದಾಯ ಆವೃತ್ತಿಯೂ ಉಚಿತ, ಆದರೆ ಪೂರ್ಣ ಲೆಕ್ಕಪತ್ರದ ವಿಭಾಗ ಶುಲ್ಕದ ಆವೃತ್ತಿಯಲ್ಲಿದೆ. ಪರವಾನಗಿ ಉಚಿತವೆಂದರೆ ಖರ್ಚಿಲ್ಲವೆಂದಲ್ಲ. ಸರ್ವರಿನ ಬಾಡಿಗೆಯೂ ನೋಡಿಕೊಳ್ಳುವವರ ಸಂಬಳವೂ ಇದ್ದೇ ಇರುತ್ತವೆ. ಯಾವುದೇ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಳ್ಳುವ ಮುನ್ನ, ಬಿಟ್ಟು ಹೋಗುವ ದಿನ ನನ್ನ ಗಿರಾಕಿಗಳ, ಆರ್ಡರ್‌ಗಳ, ದಾಸ್ತಾನಿನ ಪೂರ್ಣ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡುತ್ತೀರಿ ಎಂದು ಲಿಖಿತವಾಗಿ ಕೇಳಿ. ಜಾಲತಾಣದ ಹೆಸರು ನಿಮ್ಮ ಹೆಸರಿನಲ್ಲಿಯೇ ನೋಂದಣಿಯಾಗಿದೆಯೇ ಎಂಬುದನ್ನೂ ಇಂದೇ ಪರೀಕ್ಷಿಸಿ. ಮಾಡಿಕೊಟ್ಟವರ ಹೆಸರಿನಲ್ಲಿ ಅದು ಉಳಿದು, ನಂತರ ಕಷ್ಟಪಟ್ಟವರನ್ನು ನಾನು ಬಲ್ಲೆ.


ಮರುಉತ್ತರ (ಕುಶಾಲನಗರದ ಅಂಗಡಿ)

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ವಿರಾಜಪೇಟೆಯವರ ಲೆಕ್ಕವನ್ನು ಓದಿದ ದಿನವೇ ತಮ್ಮನನ್ನು ಕೂರಿಸಿಕೊಂಡು ಪಟ್ಟಿಯನ್ನು ತೆರೆದೆ. ಅವರು ಹೇಳಿದಂತೆಯೇ ಹಸಿ ಬೀಜದ ತೂಕವನ್ನು 175 ಗ್ರಾಂನಿಂದ ಭಾಗಿಸುವ ಸೂತ್ರ ಅಲ್ಲಿತ್ತು. ಅದನ್ನು ಬರೆದವನು ನಾನೇ. ಮೂರು ವರ್ಷಗಳಿಂದ ಅವನು ನನ್ನ ಸೂತ್ರವನ್ನು ನಂಬಿ ರಾತ್ರಿಯೆಲ್ಲ ತಿದ್ದುತ್ತಿದ್ದ. ಹಬ್ಬದ ವಾರ ನಾನು ಅವನ ಮೇಲೆ ಸಿಟ್ಟಾಗಿದ್ದೆ. ಅವನ ಕ್ಷಮೆ ಕೇಳಿದ್ದೇನೆ.

ನಿನ್ನೆ 20 ಕೆ.ಜಿ. ಬೀಜವನ್ನು ಹುರಿದು ಹೊರಬಂದದ್ದನ್ನು ತೂಗಿದೆವು. 16 ಕೆ.ಜಿ. 700 ಗ್ರಾಂ ಬಂದಿತು, ಅಂದರೆ 95 ಪೊಟ್ಟಣ. ಹಳೆಯ ಸೂತ್ರದಲ್ಲಿ 114 ಎಂದು ಬರೆಯುತ್ತಿದ್ದೆವು. ಹುರಿಯುವ ಯಂತ್ರದ ಪಕ್ಕದಲ್ಲಿ ದಿನಾಂಕ, ಬ್ಯಾಚ್, ಹಾಕಿದ ತೂಕ, ಬಂದ ತೂಕ ಎಂದು ನಾಲ್ಕು ಅಂಕಣಗಳ ನೋಟ್‌ಬುಕ್ಕೊಂದನ್ನು ದಾರದಿಂದ ಕಟ್ಟಿ ಇಟ್ಟಿದ್ದೇವೆ. ಗೋಣಿಕೊಪ್ಪದವರು ಹೇಳಿದ ತೇವಾಂಶದ ಅಂಕಣವನ್ನು ಮಳೆಗೆ ಮುಂಚೆ ಸೇರಿಸುತ್ತೇವೆ.

ಬೆಂಗಳೂರಿನ ಸಂಸ್ಥೆಗೆ, ಈ ವರ್ಷ ಕೊಳ್ಳುವುದಿಲ್ಲ ಎಂದು ಪತ್ರ ಬರೆದಿದ್ದೇನೆ. ಟ್ಯಾಲಿಯಲ್ಲಿ ವಸ್ತುಪಟ್ಟಿಯನ್ನು ಹೊಸದಾಗಿ ಮಾಡಿ, ಏಪ್ರಿಲ್ 1ರ ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಕಪಾಟಿನ ಪ್ರತಿ ಪೊಟ್ಟಣವನ್ನೂ ಎಣಿಸಿ ಆರಂಭದ ದಾಸ್ತಾನನ್ನು ನಮೂದಿಸಬೇಕೆಂದಿದ್ದೇವೆ. ಜಾಲತಾಣದ ಜೋಡಣೆ ಅದರ ನಂತರ. ಜಾಲತಾಣದ ಹೆಸರನ್ನೂ ಪರೀಕ್ಷಿಸಿದೆ: ಅದು ಮಾಡಿಕೊಟ್ಟವರ ಹೆಸರಿನಲ್ಲಿಯೇ ಇದೆ. ವರ್ಗಾಯಿಸಿಕೊಡುವಂತೆ ಇಂದು ಬೆಳಿಗ್ಗೆ ಕೇಳಿದ್ದೇನೆ, ಈ ವಾರದೊಳಗೆ ಮಾಡಿಕೊಡುವುದಾಗಿ ಅವರು ಒಪ್ಪಿದ್ದಾರೆ.